ತ್ಯಾಂಪಣ್ಣ ಮೆಚ್ಚಿದ ಸ್ವರಗಳು

ಬೆಟ್ಟಂಪಾಡಿಯ ತ್ಯಾಂಪಣ್ಣ ರೈಯ ಜೊತೆ ಅವನ ಸ್ವಂತ ಅಣ್ಣ ಹತ್ತು ವರ್ಷ ಮಾತು ಬಿಟ್ಟಿದ್ದ. ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ ನಮ್ಮ ಕಡೆ ಕಾರಣಗಳಿಗೇನೂ ಬರವಿಲ್ಲ. ಬೇಲಿ ಒಂದು ಮೊಳ ಆಚೆ ಸರಿದರೂ ಸಾಕು. ಆದರೆ ಇಲ್ಲಿ ಜಗಳ ಬೇಲಿಯದೂ ಅಲ್ಲ, ಪಾಲಿನದೂ ಅಲ್ಲ, ಬೊಬ್ಬೆಯದು. ಎಪ್ಪತ್ತನಾಲ್ಕರ ಭೂಮಸೂದೆಯಲ್ಲಿ ಗೇಣಿಗೆ ಕೊಟ್ಟ ಗದ್ದೆಗಳೆಲ್ಲ ಒಕ್ಕಲುಗಳ ಪಾಲಾದ ಮೇಲೆ, ಓದು ತಲೆಗೆ ಹತ್ತದ ತ್ಯಾಂಪಣ್ಣ ಪುತ್ತೂರಿಗೆ ಹೋಗಿ ಪದ್ಮಯ್ಯ ಗೌಡರ ಬಸ್ಸುಗಳಿಗೆ ಏಜೆಂಟನಾಗಿ ನಿಂತ. ಏಜೆಂಟನೆಂದರೆ ಕುರ್ಚಿ ಮೇಜಿನ ಕೆಲಸವೆಂದು ಯಾರೂ ತಿಳಿಯಬಾರದು. ಬಸ್ಸು ಬಂದು ನಿಂತಲ್ಲಿಂದ ಹೊರಡುವ ತನಕ ಬಾಗಿಲ ಬಳಿ ನಿಂತು, ಅದು ಹೋಗುವ ಊರುಗಳ ಹೆಸರು ಕೂಗಿ ಕೂಗಿ ಜನ ಹತ್ತಿಸುವುದು. ಸುಳ್ಯದ ಬಸ್ಸು ಹೋದರೆ ಕಡಬದ್ದು, ಕಡಬದ್ದು ಹೋದರೆ ಮತ್ತೆ ಸುಳ್ಯದ್ದು.

"ರೈಗಳ ಮನೆಯವ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬೊಬ್ಬೆ ಹೊಡೆಯುದಾ? ಊರಿಗೆ ಮುಖ ತೋರಿಸುದು ಹೇಗೆ?" ಎಂದು ಅಣ್ಣ ಕೇಳಿದ.

"ಮುಖ ತೋರಿಸ್ಲಿಕ್ಕೆ ಎಂತ ಕಷ್ಟ ಅಣ್ಣ? ಸ್ಟ್ಯಾಂಡಿಗೆ ಬಾ, ಕಿಟಕಿ ಸೀಟು ಹಿಡಿದು ಕೊಡ್ತೇನೆ" ಎಂದ ತಮ್ಮ. ಆವತ್ತಿಗೆ ಮಾತು ಕಟ್ಟಾಯಿತು.

ಅಣ್ಣನಿಗೆ ಗೊತ್ತಾಗದ ವಿಷಯವೊಂದಿತ್ತು. ಬೊಬ್ಬೆ ಹೊಡೆಯುವುದು ಬೇರೆ, ಕರೆಯುವುದು ಬೇರೆ. ಉಳಿದ ಏಜೆಂಟರು ಗಂಟಲು ಹರಿದುಕೊಂಡರೂ ಜನ ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ತ್ಯಾಂಪಣ್ಣ "ಸುಳ್ಯ" ಎಂದನೆಂದರೆ ಮೀನು ಮಾರ್ಕೆಟಿನ ಹೆಂಗಸರೂ ಒಮ್ಮೆ ತಲೆ ಎತ್ತುತ್ತಿದ್ದರು. ಸುಳ್ಯದಲ್ಲಿ ಯಾವ ಕೆಲಸವೂ ಇಲ್ಲದವರಿಗೂ ಒಂದು ಸಲ ಹೋಗಿ ಬಂದರೆ ಹೇಗೆ ಅನಿಸುವಂಥ ಸ್ವರ. ಹೆಣ್ಣು ನೋಡಲು ಹೋದಾಗ ಬಾಗಿಲ ಮರೆಯಲ್ಲಿದ್ದ ಸುಂದರಿ, ಅವನ ಮುಖ ನೋಡುವ ಮೊದಲೇ ಅವನು ನೀರು ಕೇಳಿದ್ದನ್ನು ಕೇಳಿ ಒಪ್ಪಿಬಿಟ್ಟಿದ್ದಳಂತೆ. ಮುಖ ನೋಡಿದ ಮೇಲೂ ಒಪ್ಪಿಗೆ ಹಿಂತೆಗೆದುಕೊಳ್ಳಲಿಲ್ಲ, ಅದು ಅವಳ ದೊಡ್ಡತನ. ಗದ್ದೆ ಹೋಗಿತ್ತು, ಓದು ಇರಲಿಲ್ಲ, ರೂಪ ಅಷ್ಟಕ್ಕಷ್ಟೆ. ತ್ಯಾಂಪಣ್ಣನ ಹತ್ತಿರ ಇದ್ದದ್ದೆಲ್ಲ ಆ ಸ್ವರವೊಂದೇ.

ಎಂಬತ್ತನಾಲ್ಕರಲ್ಲಿ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ರವೂಫ್ ಕ್ಯಾಸೆಟ್ ಅಂಗಡಿ ಇಟ್ಟ. ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳ ಚೀಟಿ ಬರೆದು ಕೊಟ್ಟರೆ, ನಾಲ್ಕು ದಿನದಲ್ಲಿ ತುಂಬಿಸಿ ಕೊಡುತ್ತಿದ್ದ. ಅವನ ಅಕ್ಕನ ಗಂಡ ಸಾಹುಲ್ ಹಮೀದ್ ದುಬಾಯಿಯಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದ. ರಜೆಗೆ ಬಂದಾಗ ಒಂದು ಪೆಟ್ಟಿಗೆ ಕ್ಯಾಸೆಟ್ ತಂದು ಭಾವಮೈದುನನ ಮುಂದೆ ಸುರಿದ. ಅದರಲ್ಲಿ ಹೆಸರಿಲ್ಲದ, ಬರಹವಿಲ್ಲದ ಕ್ಯಾಸೆಟ್ಟೊಂದಿತ್ತು. ಬಂದರಿಗೆ ಬಂದ ಅಮೆರಿಕದ ಹಡಗಿನವನೊಬ್ಬ ಹೋಟೆಲಿನಲ್ಲಿ ಮರೆತು ಹೋದದ್ದಂತೆ. ಅಳಿಸಿ ಬೇರೆ ಹಾಡು ತುಂಬಿಸಬಹುದೋ ಎಂದು ನೋಡಲು ರವೂಫ್ ಅದನ್ನು ಹಾಕಿದ. ಮಧ್ಯಾಹ್ನದ ಹೊತ್ತು, ಬಸ್ಸು ಕಡಿಮೆ. ತ್ಯಾಂಪಣ್ಣ ಕಂಬಕ್ಕೆ ಒರಗಿ ಎಲೆಯಡಿಕೆ ಹಾಕುತ್ತಿದ್ದವನು ಓಡಿ ಬಂದ.

"ನಿಲ್ಲು ಮಾರಾಯ, ಅಳಿಸ್ಬೇಡ!"

"ಇದು ಎಂತ ಹಾಡಾ?" ಎಂದ ರವೂಫ್. "ರಾಗ ಇಲ್ಲ, ಎಂತ ಇಲ್ಲ. ಡಬ್ಬಕ್ಕೆ ಬಡಿದು ಯಾರೋ ಯಾರಿಗೋ ಬೈಯ್ಯುದು."

"ಬೈಯ್ಯುದಲ್ಲ. ಸರಿ ಕಿವಿ ಕೊಡು. ಇವ ಏಜೆಂಟ. ಊರಿನ ಹೆಸರು ಹೇಳ್ತಿದ್ದಾನೆ."

ರವೂಫ್ ಹೊಟ್ಟೆ ಹಿಡಿದುಕೊಂಡು ನಕ್ಕ. ತ್ಯಾಂಪಣ್ಣ ನಗಲಿಲ್ಲ. ನೋಡು, ಹೇಳಿದ್ದನ್ನೇ ತಿರುಗಿ ಹೇಳುತ್ತಾನೆ. ನಾಲ್ಕು ಹೆಸರು ಒಟ್ಟಿಗೆ ಹೇಳಿ ಉಸಿರು ತೆಗೆದುಕೊಳ್ಳುತ್ತಾನೆ. ಬಸ್ಸು ಹೊರಡುವ ಗಡಿಬಿಡಿ ಇಲ್ಲದವನಿಗೆ ಇಷ್ಟು ಬೇಗ ಮಾತಾಡುವ ದರ್ದು ಏನು? ಅಮೆರಿಕದಲ್ಲಿ ಬಸ್ಸಿಲ್ಲವೋ? ಬಸ್ಸಿದ್ದಲ್ಲಿ ಏಜೆಂಟ ಇಲ್ಲವೋ? ಖಾಸಗಿ ಬಸ್ಸುಗಳ ಬಾಗಿಲಲ್ಲಿ ಹತ್ತು ವರ್ಷ ನಿಂತವನಿಗೆ ಮಾತ್ರ ಹೊಳೆಯಬಹುದಾದ ತಪ್ಪು ಅದು. ನಾಲ್ಕು ತಿಂಗಳು ಅವನು ಅದನ್ನೇ ನಂಬಿದ್ದ.

ಆ ಕ್ಯಾಸೆಟ್ಟಿನಲ್ಲಿ ಆರೇಳು ಜನರಿದ್ದರು. ತ್ಯಾಂಪಣ್ಣ ಮೂವರನ್ನು ಆರಿಸಿಕೊಂಡ. ಹೆಸರು ಗೊತ್ತಿಲ್ಲದ್ದರಿಂದ ತಾನೇ ಹೆಸರಿಟ್ಟ. ಮೊದಲನೆಯವನು ಘಟ್ಟದವ, ಸಂಪಾಜೆ ಘಾಟಿಯಲ್ಲಿ ಒಂದನೇ ಗೇರಿನಲ್ಲಿ ಹತ್ತುವ ಲಾರಿಯ ಹಾಗೆ ಅವನ ದನಿ. ಎರಡನೆಯವನು ಚರುಮುರಿ, ಅವನ ಮಾತು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ತಿಳಿಯುವುದರೊಳಗೆ ಮುಂದಿನದು ಬಂದಿರುತ್ತಿತ್ತು. ಮೂರನೆಯದು ಒಬ್ಬಳು ಹೆಂಗಸು. ಅವಳು ಬರೀ ಅಕ್ಕ. ಘಟ್ಟದವನಿಗೆ ಯಾವಾಗಲೂ ಮೊದಲನೆಯ ಸ್ಥಾನ. ಅಕ್ಕನನ್ನು ಮೂರನೆಯವಳಾಗಿ ಇಟ್ಟದ್ದು ಯಾಕೆಂದರೆ ಅವಳು ಕೂಗುವುದೇ ಇಲ್ಲ. ಕೂಗದೆ ಬಸ್ಸು ತುಂಬುತ್ತದೆಯೇ?

ಈ ಪಟ್ಟಿಯ ವಿಷಯದಲ್ಲಿ ಅವನು ಬಹಳ ಬಿಗಿ. "ಚರುಮುರಿಯನ್ನು ಮೊದಲು ಇಡು" ಎಂದು ರವೂಫ್ ಕೆಣಕಿದರೆ ಆ ದಿನ ಚಾ ಕೂಡ ಕುಡಿಯದೆ ಎದ್ದು ಹೋಗುತ್ತಿದ್ದ.

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಸರ್ವೋತ್ತಮ ಮಾಸ್ಟ್ರು ದಿನಾ ಕುಂಬ್ರದಿಂದ ಬರುವವರು. ಒಂದು ಸಂಜೆ ತ್ಯಾಂಪಣ್ಣ ಅವರನ್ನು ಅಂಗಡಿಯೊಳಗೆ ಎಳೆದುಕೊಂಡು ಬಂದು, ಘಟ್ಟದವ ಯಾವ ಯಾವ ಊರುಗಳ ಹೆಸರು ಹೇಳುತ್ತಾನೆಂದು ತಿಳಿಸಬೇಕೆಂದು ಕೇಳಿದ. ಮಾಸ್ಟ್ರು ಎರಡು ಸಲ ಹಾಕಿಸಿ ಕೇಳಿದರು.

"ಊರಿನ ಹೆಸರಲ್ಲ ಮಾರಾಯ. ಇದಕ್ಕೆ ಹಿಪ್‌ಹಾಪ್ ಅಂತ ಹೇಳುದು. ಅಲ್ಲಿನ ಕಪ್ಪು ಜನರ ಕೇರಿಗಳಲ್ಲಿ ಶುರುವಾದದ್ದು ಅಂತ ಪತ್ರಿಕೆಯಲ್ಲಿ ಓದಿದ್ದೇನೆ. ಇವ ಹೇಳುದು ತನ್ನ ಹೆಸರನ್ನೇ. ನನ್ನಷ್ಟು ಚೆಂದ ಮಾತಾಡುವವ ಈ ಬೀದಿಯಲ್ಲಿ ಇನ್ನೊಬ್ಬ ಇಲ್ಲ ಅಂತ."

ತ್ಯಾಂಪಣ್ಣ ಬಾಯಿ ತೆರೆದವನು ಹಾಗೇ ಇದ್ದ. "ತನ್ನ ಹೆಸರನ್ನು ತಾನೇ ಹೇಳಿಕೊಳ್ಳುದಾ? ಜನ ಸುಮ್ಮನಿರ್ತಾರಾ ಮಾಸ್ಟ್ರೆ?"

"ಚಪ್ಪಾಳೆ ತಟ್ತಾರೆ."

ತಪ್ಪು ತಿಳಿದದ್ದಕ್ಕೆ ಅವನಿಗೆ ನಾಚಿಕೆಯಾಗಲಿಲ್ಲ. ಹತ್ತು ವರ್ಷ ದಿನಕ್ಕೆ ಸಾವಿರ ಸಲ ಬೇರೆಯವರ ಊರಿನ ಹೆಸರು ಕೂಗಿದ್ದಾನೆ. ಅವನ ಹೆಸರೇನೆಂದು ಆ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? "ಏಜೆಂಟ್ರೆ" ಎಂದರೆ ಮುಗಿಯಿತು. ಮಾಸ್ಟ್ರು ಹೋದ ಮೇಲೆ ಆ ಹಾಡನ್ನು ಅವನು ಮತ್ತೆ ಮತ್ತೆ ಹಾಕಿಸಿ ಕೇಳಿದ. ಅರ್ಥವಾಗದ ಆ ಮಾತಿನ ಮೇಲೆ ಅವನಿಗೆ ಆಸೆ ಹುಟ್ಟಿತ್ತು.

ಅಲ್ಲಿಂದ ಅವನ ಕರೆಯುವ ರೀತಿಯೇ ಬದಲಾಯಿತು. ಘಟ್ಟದವನಿಂದ ಹೆಸರುಗಳ ನಡುವೆ ತಡೆಯುವುದನ್ನು ಕಲಿತ. ಚರುಮುರಿಯಿಂದ ಒಂದೇ ಉಸಿರಿನಲ್ಲಿ ಆರು ಊರು ದಾಟುವುದನ್ನು. ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಪೆಟ್ಟು ಹಾಕಿ ಶುರು ಮಾಡುತ್ತಿದ್ದ:

"ಸುಳ್ಯ ಸುಳ್ಯ ಸುಳ್ಯ ಸುಳ್ಯ, ಸಂಪ್ಯ ಕುಂಬ್ರ ಕಾವು, ಜಾಲ್ಸೂರಲ್ಲಿ ಇಳಿಯುವವ್ರು ಹಿಂದೆ ಹೋಗಿ, ಅರಂತೋಡಿನ ತನಕ ನಾವು!"

ಕಾಲೇಜು ಹುಡುಗರು ಪುಸ್ತಕಕ್ಕೆ ತಾಳ ಹಾಕುತ್ತಿದ್ದರು. ಪದ್ಮಯ್ಯ ಗೌಡರ ಬಸ್ಸು ಹೊರಡುವ ಐದು ನಿಮಿಷ ಮೊದಲೇ ತುಂಬುತ್ತಿತ್ತು. ಎಂಬತ್ತೈದು ಪೂರ್ತಿ ಹಾಗೇ ಹೋಯಿತು. ಅವನ ಆಯುಷ್ಯದಲ್ಲಿ ಒಳ್ಳೆಯ ವರ್ಷವೆಂದು ಒಂದನ್ನು ತೋರಿಸಬೇಕಾದರೆ ಅದನ್ನೇ ತೋರಿಸಬೇಕು. ಅಣ್ಣನೂ ಒಂದು ದಿನ ದೂರದಿಂದ ನಿಂತು ಕೇಳಿ, ಮನೆಗೆ ಬಂದು ಮಾತು ಶುರು ಮಾಡಿದ.

ಮರುವರ್ಷ ಮದುವೆಯ ಸೀಸನ್ ಮುಗಿಯುವಾಗ ಸ್ವರ ಒಡೆಯತೊಡಗಿತು. ಮೊದಮೊದಲು ಬೆಳಿಗ್ಗೆ ಮಾತ್ರ. ಬಿಸಿನೀರು, ಒಳ್ಳೆಮೆಣಸು, ಕಲ್ಲುಸಕ್ಕರೆ, ಜ್ಯೇಷ್ಠಮಧು ಎಲ್ಲ ಆಯಿತು. ಮಧ್ಯಾಹ್ನವೂ ಒಡೆಯಲು ಶುರುವಾದ ಮೇಲೆ ಸುಂದರಿ ಹಠ ಹಿಡಿದು ಮಂಗಳೂರಿಗೆ ಕರೆದುಕೊಂಡು ಹೋದಳು. ಡಾಕ್ಟರು ಗಂಟಲೊಳಗೆ ಕನ್ನಡಿ ಇಳಿಸಿ ನೋಡಿ, ಸ್ವರಪೆಟ್ಟಿಗೆಯಲ್ಲಿ ಗಂಟು ಉಂಟು ಎಂದರು. ಮೂರು ತಿಂಗಳು ಮಾತೇ ಆಡಬಾರದು, ಪಿಸುಗುಟ್ಟಲೂ ಬಾರದು. ಹಾಗೆ ಇದ್ದರೆ ಸ್ವರ ತಿರುಗಿ ಬರಬಹುದು. ಕೂಗಿದರೆ ತಮ್ಮ ಕೈಯಲ್ಲಿಲ್ಲ.

ಬರುವಾಗ ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂತಿದ್ದರೂ ಇಬ್ಬರ ಚಿಂತೆ ಬೇರೆ ಬೇರೆ. ಸುಂದರಿಗೆ ಮೂರು ತಿಂಗಳು ಅವನ ಬಾಯಿ ಮುಚ್ಚಿಸುವುದು ಹೇಗೆಂಬ ಚಿಂತೆ. ತ್ಯಾಂಪಣ್ಣನಿಗೆ ಬಾಗಿಲಿನ ಚಿಂತೆ. ಏಜೆಂಟರಲ್ಲಿ ಒಂದು ಕ್ರಮ ಉಂಟು: ಎಂಟು ದಿನ ಬಸ್ಸಿನ ಬಾಗಿಲು ಬಿಟ್ಟವನಿಗೆ ಆ ಬಾಗಿಲು ಇಲ್ಲ. ಒಂಬತ್ತನೆಯ ದಿನ ಅಲ್ಲಿ ನಿಂತವನದು ಅದು. ಯಾರೂ ಇದನ್ನು ಬರೆದಿಟ್ಟಿಲ್ಲ, ಯಾರೂ ಮುರಿದದ್ದೂ ಇಲ್ಲ.

ರವೂಫನ ಪಕ್ಕದಲ್ಲಿ ಒಂದು ಲಾಟರಿ ಅಂಗಡಿ ಇತ್ತು. ಅದರವನು ಮೈಕಿನಲ್ಲಿ ತಾನು ಕೂಗುತ್ತಿರಲಿಲ್ಲ, ಕ್ಯಾಸೆಟ್ ಹಾಕಿ ತಾನು ಆರಾಮವಾಗಿ ಪೇಪರು ಓದುತ್ತಿದ್ದ. ತ್ಯಾಂಪಣ್ಣ ಎರಡು ದಿನ ಅದನ್ನು ನೋಡಿದ. ಮೂರನೆಯ ದಿನ ಪದ್ಮಯ್ಯ ಗೌಡರಿಗೆ ಚೀಟಿಯಲ್ಲಿ ಬರೆದು ತೋರಿಸಿದ: ತನ್ನ ಕರೆಯನ್ನು ಕ್ಯಾಸೆಟ್ಟಿಗೆ ತುಂಬಿಸಿ ಮೂರು ತಿಂಗಳು ಹಾಕುವುದು, ಬಾಗಿಲು ತನ್ನದೇ ಇರಲಿ. ಗೌಡರು ಒಪ್ಪಿದರು.

ರವೂಫ್ ಒಪ್ಪಲಿಲ್ಲ. "ಡಾಕ್ಟ್ರು ಬಾಯಿ ಮುಚ್ಚು ಅಂದದ್ದಲ್ವಾ?"

"ಒಂದು ಸಲ ಮಾರಾಯ. ಒಂದೇ ಸಲ ಕರೆದು ಮತ್ತೆ ಮುಚ್ತೇನೆ."

ಸುಂದರಿಗೆ ಹೇಳಲಿಲ್ಲ.

ಭಾನುವಾರ ಅಂಗಡಿಯ ಬಾಗಿಲು ಎಳೆದು, ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿ, ಬೆವರು ಸುರಿಯುತ್ತ ಇಬ್ಬರೂ ಕೂತರು. ತಾಳಕ್ಕೆ ರವೂಫ್ ಬಿಸ್ಕಿಟ್ ಡಬ್ಬ ತಟ್ಟಿದ. ಮೊದಲನೆಯ ಸಲ ಹೊರಗಿನ ಬಸ್ಸಿನ ಹಾರ್ನು ಸೇರಿತು. ಎರಡನೆಯ ಸಲ ಕೆಮ್ಮು ಬಂತು. ಮೂರನೆಯ ಸಲ ಚೆನ್ನಾಗಿ ಬಂತು; ಸುಳ್ಯ ಮುಗಿಸಿ ಕಡಬ ಶುರು ಮಾಡುವ ನಡುವೆ, ಯಾರೂ ಹೇಳಿಕೊಡದೆ, "ಕರೆಯುವವ ತ್ಯಾಂಪಣ್ಣ, ಬೆಟ್ಟಂಪಾಡಿ ತ್ಯಾಂಪಣ್ಣ" ಎಂದೂ ಸೇರಿಸಿಬಿಟ್ಟ. ರವೂಫ್ ಡಬ್ಬ ಬಿಟ್ಟು ಚಪ್ಪಾಳೆ ತಟ್ಟಿದ.

ಗೌಡರು ಬಂದು ಕೇಳಿ ಹುಬ್ಬು ಗಂಟು ಹಾಕಿದರು. "ಬಸ್ಸು ನನ್ನದಾ, ನಿನ್ನದಾ? ಹೆಸರು ತೆಗಿ. ನಡುವೆ ಅಳಿಸಿ ಓಟೆ ಮಾಡುದೂ ಬೇಡ, ಕ್ಯಾಸೆಟ್ ಹಾಳಾಗಿದೆ ಅಂತ ಜನ ನಗ್ತಾರೆ. ಮೊದಲಿಂದ ಕರಿ."

ಮೊದಲಿನಿಂದ ಕರೆದ. ಕರೆದ ಎಂದರೆ ಒಂದು ಸಲವಲ್ಲ. ಹೆಸರು ಬಿಟ್ಟರೆ ತಾಳ ತಪ್ಪುತ್ತಿತ್ತು, ತಾಳ ಹಿಡಿದರೆ ಸ್ವರ ಒಡೆಯುತ್ತಿತ್ತು. ಗೌಡರು ಎದ್ದು ಹೋದ ಮೇಲೂ ಅವನು ನಿಲ್ಲಿಸಲಿಲ್ಲ. ಸಾಕು ಎಂದು ರವೂಫ್ ಕೈ ಹಿಡಿದರೆ ಕೊಡವಿಕೊಂಡ. ಅವನಿಗೆ ಬುದ್ಧಿ ಇತ್ತೋ ಎಂದು ಕೇಳಿದರೆ ಇರಲಿಲ್ಲ ಎಂದೇ ಹೇಳಬೇಕು. ಬಾಗಿಲು ಉಳಿಸಲು ನಾಲ್ಕನೆಯ ಸಲ ಕರೆದದ್ದೇ ಸಾಕಿತ್ತು. ಆದರೆ ಕ್ಯಾಸೆಟ್ಟಿನಲ್ಲಿ ಉಳಿಯುವ ಸ್ವರ ಎಂದಮೇಲೆ ಅದು ಘಟ್ಟದವನ ಮುಂದೆ ಹಾಕಿದರೂ ನಿಲ್ಲಬೇಕು ಎಂಬ ಹುಚ್ಚು ಹತ್ತಿತ್ತು. ಅಭಿಮಾನಿಗಳ ಜಾತಿಯೇ ಹಾಗೆ, ತಾವು ಮೆಚ್ಚಿದವರ ಎದುರು ಸಣ್ಣವರಾಗಲು ಒಪ್ಪುವುದಿಲ್ಲ. ಹೆಸರು ತೆಗೆದ ಮೇಲೆ ಹನ್ನೊಂದು ಸಲ ಕರೆದ. ಹನ್ನೊಂದನೆಯದು ಅವನು ಆವರೆಗೆ ಕರೆದದ್ದರಲ್ಲೆಲ್ಲ ಶ್ರೇಷ್ಠವಾದದ್ದು. ರವೂಫನಿಗೆ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದು, ಸುಂದರಿ "ಇಷ್ಟು ಹೊತ್ತು ಎಲ್ಲಿ ಹೋಗಿದ್ರಿ?" ಎಂದು ಕೇಳಿದಾಗ ಚೀಟಿ ಹುಡುಕುವುದನ್ನು ಮರೆತು ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಉಗುಳಿದರೆ, ಎಲೆಯಡಿಕೆ ಹಾಕದಿದ್ದರೂ, ಎಂಜಲು ಕೆಂಪಗಿತ್ತು.

ಮತ್ತೆ ಮಂಗಳೂರು, ಆಪರೇಷನ್ನು, ಹದಿನೈದು ದಿನ ಆಸ್ಪತ್ರೆ. ಉಳಿದದ್ದು ಪಿಸುಮಾತು ಮಾತ್ರ, ಅದೂ ಹತ್ತಿರ ಕೂತವರಿಗೆ ಕೇಳುವಷ್ಟು. ಸುಂದರಿ ಅವನಿಗೆ ಬೈಯಲಿಲ್ಲ. ಕ್ಯಾಸೆಟ್ಟಿನ ವಿಷಯ ತಿಳಿದ ದಿನ ಒಲೆಯ ಮುಂದೆ ಕೂತು, "ನನ್ನ ಹತ್ತಿರ ಒಂದು ಮಾತು ಕೇಳ್ಬಹುದಿತ್ತು" ಎಂದಳು, ಅಷ್ಟೆ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಟಿಕೆಟ್ ಗೂಡಿನ ಮೇಲೆ ಮೈಕಿನ ಹಾರ್ನು ಕಟ್ಟಿದ್ದರು. ಅದರೊಳಗಿಂದ ಹನ್ನೊಂದನೆಯ ಕರೆ ದಿನವಿಡೀ ಹೊರಡುತ್ತಿತ್ತು. ಮೊದಲ ಆರು ತಿಂಗಳು ಗುಂಡಿ ಒತ್ತುವುದು ತ್ಯಾಂಪಣ್ಣನ ಕೆಲಸವಾಗಿತ್ತು. ಆಮೇಲೆ ಗೌಡರು, "ಗುಂಡಿ ಒತ್ಲಿಕ್ಕೆ ಒಬ್ಬ ಬೇಕಾ ತ್ಯಾಂಪಣ್ಣ? ಟಿಕೆಟ್ ಕೊಡುವವನ ಕೈ ಅಲ್ಲೇ ಉಂಟಲ್ಲ" ಎಂದರು. ಬಾಗಿಲಿನ ಕ್ರಮದ ಬಗ್ಗೆ, ಇಷ್ಟು ವರ್ಷದ ದುಡಿಮೆಯ ಬಗ್ಗೆ ಅವನಿಗೆ ಹೇಳುವುದು ಬಹಳ ಇತ್ತು. ಬಸ್ಸುಗಳ ಗಲಾಟೆಯ ನಡುವೆ ಪಿಸುಮಾತಿನಲ್ಲಿ ಜಗಳ ಮಾಡುವುದು ಹೇಗೆ? ತಲೆಯ ಮೇಲಿಂದ ಅವನದೇ ಸ್ವರ "ಹತ್ತಿ ಹತ್ತಿ" ಎನ್ನುತ್ತಿತ್ತು, ಅವನು ಇಳಿದು ಬಂದ.

ರವೂಫ್ ಏನೂ ಕೇಳದೆ ಅಂಗಡಿಯಲ್ಲಿ ಇನ್ನೊಂದು ಸ್ಟೂಲು ಇಟ್ಟ. ಕ್ಯಾಸೆಟ್ ತುಂಬಿಸುವ ಕೆಲಸಕ್ಕೆ ಬಾಯಿ ಬೇಡ, ಕಿವಿ ಸಾಕು. ತ್ಯಾಂಪಣ್ಣನ ಕಿವಿಗೆ ಟೇಪಿನ ಒಂದು ಎಳೆ ಸಡಿಲವಾದರೂ ಗೊತ್ತಾಗುತ್ತಿತ್ತು. ಅಂಗಡಿಗೆ ಹೆಸರು ಬಂತು. ಆದರೆ ಅಂಗಡಿಯ ಎದುರಿಗೇ ಆ ಹಾರ್ನು. ಇಪ್ಪತ್ತು ನಿಮಿಷಕ್ಕೊಮ್ಮೆ ಅವನ ಸ್ವರ ಅವನಿಲ್ಲದೆ ಬಸ್ಸು ತುಂಬಿಸುತ್ತಿತ್ತು. ಕೆಲವೊಮ್ಮೆ ಹೆಮ್ಮೆಯಾಗುತ್ತಿತ್ತು. ಹೆಚ್ಚಿನ ದಿನಗಳಲ್ಲಿ ಆ ಸ್ವರದ ಮೇಲೆ ಅವನಿಗೆ ಹೊಟ್ಟೆಕಿಚ್ಚು. ತಾನು ನೀರು ಬೇಕೆಂದು ಕೇಳಲು ಅಂಗೈ ತಟ್ಟಬೇಕು, ಅದು ನೋಡಿದರೆ ಅರಂತೋಡಿನ ತನಕ ಹೋಗುತ್ತದೆ.

ಪಟ್ಟಿಯೂ ಬದಲಾಯಿತು. ಘಟ್ಟದವನನ್ನು ಕೇಳಿದರೆ ಗಂಟಲು ನೋಯುವಂತೆ ಅನಿಸಿ ಅವನನ್ನು ಹಿಂದೆ ಹಾಕಿದ. ಅಕ್ಕ ಮೊದಲನೆಯವಳಾದಳು. ಅವಳು ಕೂಗುವುದಿಲ್ಲ ಎಂದು ತಾನು ದೂರಿದ್ದು ಎಂಥ ಪೆದ್ದುತನ! ಅವಳು ಮಾತಿನ ಕೊನೆಯನ್ನು ಬಿಡದೆ ಹಿಡಿದು, ಕೇಳುವವನೇ ಹತ್ತಿರ ಬರುವಂತೆ ಮಾಡುತ್ತಿದ್ದಳು. ಸ್ವರವಿದ್ದಾಗ ಕಲಿಯಬೇಕಾದ್ದನ್ನು ಸ್ವರ ಹೋದ ಮೇಲೆ ಕಲಿತೆನಲ್ಲ ಎಂದು ಅವನಿಗೆ ಸಂಕಟವಾಗುತ್ತಿತ್ತು.

"ಈ ಪಟ್ಟಿಯಲ್ಲಿ ನೀನು ಎಷ್ಟನೆಯವ?" ಎಂದು ರವೂಫ್ ಒಮ್ಮೆ ಹಾರ್ನಿನ ಕಡೆ ಕೈ ತೋರಿಸಿ ಕೇಳಿದ. ತ್ಯಾಂಪಣ್ಣ ಕೇಳಿಸದವನಂತೆ ಹೆಡ್‌ಫೋನ್ ಹಾಕಿಕೊಂಡ.

ಹೀಗೆ ಎರಡು ವರ್ಷ. ಎಂಬತ್ತೆಂಟರ ಒಂದು ಸೋಮವಾರ, ಸಂತೆಯ ದಿನ, ಅವನು ಕ್ಯಾಸೆಟ್ ಬದಲಿಸಲು ತಲೆ ಎತ್ತಿದಾಗ ಎದುರಿನ ಕಂಬದ ಬಳಿ ಸುಂದರಿ ಕಂಡಳು. ಕೈಯಲ್ಲಿ ತರಕಾರಿ ಚೀಲ. ಬೆಟ್ಟಂಪಾಡಿಯ ಬಸ್ಸು ಎದುರಿಗೇ ನಿಂತಿತ್ತು, ಸೀಟೂ ಇತ್ತು. ಅವಳು ಹತ್ತಲಿಲ್ಲ. ಸುಳ್ಯದ ಕರೆ ಶುರುವಾಯಿತು. ಅವಳು ಹಾರ್ನಿನ ಕಡೆ ಮುಖ ಎತ್ತಿ ನಿಂತಳು. ಸಂಪ್ಯ, ಕುಂಬ್ರ, ಕಾವು ಎನ್ನುವಾಗ ಅವಳ ತುಟಿಯೂ ಅಲ್ಲಾಡುತ್ತಿತ್ತು. ಬೆಟ್ಟಂಪಾಡಿಯ ಬಸ್ಸು ಹೊರಟು ಹೋಯಿತು. ಕಡಬದ ಕರೆಯನ್ನೂ ಪೂರ್ತಿ ಕೇಳಿ, ಸೆರಗಿನಿಂದ ಮುಖ ಒರಸಿಕೊಂಡು, ಮುಂದಿನ ಬಸ್ಸಿಗೆ ಹೋದಳು.

"ಪ್ರತಿ ಸೋಮವಾರ ನಿಲ್ತಾರೆ" ಎಂದ ರವೂಫ್ ಮೆಲ್ಲಗೆ. "ಎರಡು ಬಸ್ಸು ಬಿಡ್ತಾರೆ ಕೆಲವು ಸಲ. ನಿನಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ತ್ಯಾಂಪಣ್ಣ ಮುಖವನ್ನು ಯಂತ್ರದ ಕಡೆ ಮಾಡಿ ಅತ್ತ. ಅಳುವಿಗೂ ಸದ್ದಿರಲಿಲ್ಲ.

ಅದೇ ತಿಂಗಳು ಪದ್ಮಯ್ಯ ಗೌಡರಿಗೆ ಕಡಬದ ಬಸ್ಸನ್ನು ನೆಟ್ಟಣದ ರೈಲ್ವೇ ಸ್ಟೇಷನ್ನಿನ ತನಕ ಬಿಡಲು ಪರ್ಮಿಟ್ಟು ಸಿಕ್ಕಿತು. ಕ್ಯಾಸೆಟ್ಟಿನ ಕರೆ ಕಡಬಕ್ಕೇ ನಿಲ್ಲುತ್ತಿತ್ತು. ರೈಲಿಗೆ ಹೋಗುವವರು ಬಸ್ಸಿನ ಎದುರೇ ನಿಂತು ಬೇರೆ ಬಸ್ಸು ಕಾಯುತ್ತಿದ್ದರು. ಗೌಡರ ಒತ್ತಾಯಕ್ಕೆ ರವೂಫ್ ತನ್ನ ಸ್ವರದಲ್ಲಿ "ನೆಟ್ಟಣ" ಎಂದು ಕೊನೆಗೆ ಸೇರಿಸಿದ. ತ್ಯಾಂಪಣ್ಣನ ಆ ಗುಡುಗಿನ ಹಿಂದೆ ರವೂಫನ ಮೂಗಿನ ಸ್ವರ ಬಂದು ಬಸ್‌ಸ್ಟ್ಯಾಂಡು ಇಡೀ ನಕ್ಕಿತು. ಸಂಜೆಯೊಳಗೆ ಅಳಿಸಬೇಕಾಯಿತು.

ಗೌಡರು ಅಂಗಡಿಗೆ ಬಂದು ಕೂತರು. "ಎರಡೂ ಬಸ್ಸಿಗೆ ಹೊಸ ಸ್ವರವೇ ಹಾಕುವ ಅಂತ. ಮೂರು ಜನ ಬರ್ತಾರೆ. ನೀನೇ ಕೇಳಿ ಹೇಳು ತ್ಯಾಂಪಣ್ಣ, ನಿನ್ನಷ್ಟು ಕಿವಿ ಯಾರಿಗೂ ಇಲ್ಲ. ಯಾರೂ ಆಗದಿದ್ರೆ ನಿನ್ನದೇ ಇರ್ಲಿ, ನೆಟ್ಟಣಕ್ಕೆ ಒಂದು ಬೋರ್ಡು ಬರೆಸಿ ಹಾಕುವ."

ಅಂದರೆ ಮೂವರಿಗೂ ಬೇಡವೆಂದು ತಲೆ ಅಲ್ಲಾಡಿಸಿದರೆ ಸಾಕು, ಆ ಸ್ವರ ಅಲ್ಲೇ ಇರುತ್ತದೆ. ಸುಂದರಿ ಸೋಮವಾರ ಬಂದು ಕಂಬದ ಬಳಿ ನಿಲ್ಲಬಹುದು. ಗೌಡರು ಹೋದ ಮೇಲೆ ರವೂಫ್ ಅದನ್ನೇ ಬಿಡಿಸಿ ಹೇಳಿದ. ಹೇಳುವ ಅಗತ್ಯ ಇರಲಿಲ್ಲ.

ಶನಿವಾರ ಮಧ್ಯಾಹ್ನ ಮೂವರೂ ಬಂದರು. ಮದುವೆ ಹಾಲುಗಳಲ್ಲಿ ಮೈಕು ಹಿಡಿಯುವ ಮಹಾಗಣಪತಿ ಭಟ್ಟರು ವಾರ್ತೆ ಓದಿದ ಹಾಗೆ ಓದಿದರು. ಶುದ್ಧ ಕನ್ನಡ, ಆದರೆ ಕೇಳಿದರೆ ಬಸ್ಸು ಹೊರಡುವುದು ನಾಳೆ ಎಂದು ಅನಿಸುತ್ತಿತ್ತು. ಗೌಡರ ಹೆಂಡತಿಯ ತಮ್ಮ ಎಲ್ಲ ಊರುಗಳನ್ನೂ ಒಂದೇ ಎತ್ತರದಲ್ಲಿ ಕಿರುಚಿದ. ಇಬ್ಬರಿಗೂ ತ್ಯಾಂಪಣ್ಣ ತಲೆ ಅಲ್ಲಾಡಿಸಿದ. ಸುಳ್ಳು ಹೇಳಬೇಕಾಗಿ ಬರಲಿಲ್ಲವೆಂದು ಅವನ ಎದೆ ಹಗುರಾಯಿತು.

ಮೂರನೆಯವನು ಮಾಯಿಲಪ್ಪ. ಬಸ್ಸಿನ ಮೇಲಕ್ಕೆ ಗೋಣಿ ಹೊತ್ತು ಹಾಕುವವನು, ನಲವತ್ತರ ಹತ್ತಿರದ ಪ್ರಾಯ. ಅಂಗಡಿಯೊಳಗೆ ಬರಲೇ ಸಂಕೋಚಪಟ್ಟು ಹೊಸ್ತಿಲಲ್ಲಿ ನಿಂತಿದ್ದ. "ಗೋಣಿ ಹೊರುವವನ ಸ್ವರವಾ?" ಎಂದು ಗೌಡರು ಗೊಣಗಿದರು. ತ್ಯಾಂಪಣ್ಣ ಕೈ ಹಿಡಿದು ಒಳಗೆ ಕೂರಿಸಿ ಮೈಕು ಸರಿಸಿ ಕೊಟ್ಟ.

ಮಾಯಿಲಪ್ಪ ತ್ಯಾಂಪಣ್ಣನ ಹಾಗೆ ಕರೆಯಲು ಹೋಗಲಿಲ್ಲ. ಭಾರ ಹೊತ್ತು ಏಣಿ ಹತ್ತುವವನು ಉಸಿರನ್ನು ಹೇಗೆ ಅಳೆದು ಬಿಡುತ್ತಾನೋ ಹಾಗೆ ಒಂದೊಂದೇ ಊರನ್ನು ಎತ್ತಿ ಇಟ್ಟ. ಉಪ್ಪಿನಂಗಡಿ. ಕೊಯಿಲ. ರಾಮಕುಂಜ. ಆಲಂಕಾರು. ಕಡಬ. ಅಲ್ಲಿ ನಿಲ್ಲಿಸಿದ. ಜನ ಇಳಿಯುವಷ್ಟು ಹೊತ್ತು ಸುಮ್ಮನಿದ್ದ. ಆಮೇಲೆ ತಗ್ಗಿದ ಸ್ವರದಲ್ಲಿ, ದೂರದಿಂದ ಬಂದು ದಣಿದವರನ್ನು ಮನೆಯೊಳಗೆ ಕರೆಯುವಂತೆ, "ನೆಟ್ಟಣ ಉಂಟು, ಬನ್ನಿ" ಎಂದ.

ಹೆಡ್‌ಫೋನಿನೊಳಗೆ ತ್ಯಾಂಪಣ್ಣನ ಮೈ ಜುಮ್ಮೆಂದಿತು. ನಾಲ್ಕು ವರ್ಷದ ಹಿಂದೆ ಆ ಹೆಸರಿಲ್ಲದ ಕ್ಯಾಸೆಟ್ಟು ಕೇಳಿ ಓಡಿ ಬಂದದ್ದು ಇದಕ್ಕೇ. ಒಳ್ಳೆಯದನ್ನು ಒಳ್ಳೆಯದು ಎನ್ನದೆ ಇರುವುದು ಅವನಿಗೆ ಗೊತ್ತೇ ಇರಲಿಲ್ಲ. ಈಗ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು!

"ಹೇಗೆ?" ಎಂದರು ಗೌಡರು.

ರವೂಫ್ ಅವರ ಬೆನ್ನ ಹಿಂದೆ ನಿಂತು, ಬೇಡ ಎಂದು ಹೇಳು ಎಂದು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ. ತ್ಯಾಂಪಣ್ಣನಿಗೆ ಕಂಬದ ಬಳಿ ಮುಖ ಎತ್ತಿ ನಿಂತವಳು ಕಂಡಳು. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡ. ಗೌಡರು ಇನ್ನೊಮ್ಮೆ ಕೇಳಿದರು. ಅವನ ಕೈ ಎದ್ದು ಮಾಯಿಲಪ್ಪನ ಭುಜ ಮುಟ್ಟಿತು.

"ಇವ" ಎಂದ.

ಗೌಡರು ಹೋದ ಮೇಲೂ ಮಾಯಿಲಪ್ಪ ಏಳಲಿಲ್ಲ. "ನಿಮ್ಮದನ್ನು ತೆಗೆದು ನನ್ನದು ಹಾಕುದು ಬೇಡ ರೈಗಳೇ. ನಂಗೆ ಮನಸ್ಸು ಬರುದಿಲ್ಲ."

"ನನ್ನ ಪಟ್ಟಿಯಲ್ಲಿ ನಾಲ್ಕನೆಯವ ನೀನು" ಎಂದು ತ್ಯಾಂಪಣ್ಣ ಅವನ ಕಿವಿಯ ಹತ್ತಿರ ಹೇಳಿದ. ಮಾಯಿಲಪ್ಪನಿಗೆ ತಲೆ ಬುಡ ತಿಳಿಯಲಿಲ್ಲ. ರವೂಫನಿಗೆ ತಿಳಿಯಿತು, ಅವನು ಬೀಡಿ ತರುತ್ತೇನೆಂದು ಹೊರಗೆ ಹೋದ.

ಸಂಜೆ ಹಳೆಯ ಕ್ಯಾಸೆಟ್ಟನ್ನು ಟಿಕೆಟ್ ಗೂಡಿನಿಂದ ತಂದು ರವೂಫ್ ಅವನ ಮುಂದಿಟ್ಟ. "ಮನೆಗೆ ತಗೊಂಡು ಹೋಗು. ಮಿಷನ್ನೂ ಒಂದು ಕೊಡ್ತೇನೆ. ಅವರು ಕೇಳ್ಲಿ."

ತ್ಯಾಂಪಣ್ಣ ಅದನ್ನು ತಿರುಗಿಸಿ ನೋಡಿ, ಮೇಜಿನ ಮೇಲೆ ಇಟ್ಟುಬಿಟ್ಟ. "ಮನೆಯಲ್ಲಿ ಯಾರಿಗೆ ಸುಳ್ಯಕ್ಕೆ ಹೋಗ್ಲಿಕ್ಕುಂಟು ಮಾರಾಯ?"

ಸುಂದರಿಗೆ ಅಂದೇ ಹೇಳಬೇಕಿತ್ತು. ಭಾನುವಾರ ಇಡೀ ದಿನ ಮನೆಯಲ್ಲಿದ್ದ, ಎರಡು ಸಲ ಅಂಗೈ ತಟ್ಟಿ ಕರೆದ, ಅವಳು ಬಂದು ಎದುರು ನಿಂತಾಗ ಒಮ್ಮೆ ನೀರು ಕೇಳಿದ, ಒಮ್ಮೆ ಏನಿಲ್ಲ ಎಂದ. ಸೋಮವಾರ ಹತ್ತೂವರೆಗೆ ಅವಳು ಚೀಲ ಹಿಡಿದು ಬಂದು ಕಂಬದ ಬಳಿ ನಿಂತಳು. ಅವನು ಅಂಗಡಿಯಿಂದ ಇಳಿದು ಹೋಗಿ ಪಕ್ಕದಲ್ಲಿ ನಿಂತ. ಅವಳು ಕದ್ದು ಸಿಕ್ಕಿಬಿದ್ದವಳಂತೆ ಬೆಚ್ಚಿ, "ಬಸ್ಸು ಕಾಯ್ತಿದ್ದೆ" ಎಂದಳು.

ಹಾರ್ನು ಕೆಮ್ಮಿ, ಕರೆ ಶುರುವಾಯಿತು. ಅವಳು ಮುಖ ಎತ್ತಿದಳು. ಮೊದಲ ಊರಿಗೇ ಅವಳಿಗೆ ಗೊತ್ತಾಯಿತು.

"ನಿಮ್ಮದು ಎಲ್ಲಿ?"

"ತೆಗೆದ್ರು."

"ಯಾರು?"

ಗೌಡರ ಹೆಸರು ಹೇಳಬಹುದಿತ್ತು, ಅರ್ಧ ನಿಜವೂ ಆಗುತ್ತಿತ್ತು. ಅವನು ತನ್ನ ಎದೆಯ ಮೇಲೆ ಕೈ ಇಟ್ಟು ತೋರಿಸಿದ. "ಮೂವರಲ್ಲಿ ಇವನನ್ನು ಆರಿಸಿದ್ದು ನಾನು."

ಅವಳು ಹಾರ್ನನ್ನೇ ನೋಡುತ್ತ ನಿಂತಳು. ಕರೆ ರಾಮಕುಂಜ ದಾಟಿತು, ಕಡಬದಲ್ಲಿ ನಿಂತಿತು, ನೆಟ್ಟಣ ಮುಟ್ಟಿತು. ಕೊನೆಯ ತನಕ ಕೇಳಿದಳು.

"ಚೆಂದ ಕರೀತಾನೆ" ಎಂದಳು. ಅವಳ ಕಣ್ಣು ತುಂಬಿತ್ತು. "ನನಗೆ ಚೆಂದ ಬೇಕಿತ್ತಾ?"

ಬೆಟ್ಟಂಪಾಡಿಯ ಬಸ್ಸು ಬಂದು ನಿಂತಿತು. ನಿಲ್ಲು ಎನ್ನಲು ತ್ಯಾಂಪಣ್ಣ ಬಾಯಿ ತೆರೆದ, ಬಸ್ಸಿನ ಸದ್ದಿನಲ್ಲಿ ಅದು ಅವನಿಗೇ ಕೇಳಿಸಲಿಲ್ಲ. ಆ ಸೋಮವಾರ ಸುಂದರಿ ಮೊದಲು ಬಂದ ಬಸ್ಸಿಗೇ ಹತ್ತಿ ಹೋದಳು.